ಕಡಲಾಚೆಯ ದಾಳವನ್ನು ನಂಬುವುದೆಂತು?

ದಾವಣಗೆರೆಯಲ್ಲಿ ಕುಳಿತ ಹುಡುಗನೊಬ್ಬನೂ ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಳಿತ ಹುಡುಗಿಯೊಬ್ಬಳೂ ಸೇರಿ ಒಂದೇ ದಾಳವನ್ನು ಉರುಳಿಸಬಲ್ಲರೆ? ಉರುಳಿಸಿದರೂ, ಒಬ್ಬರಿಗೆ ಬಿದ್ದ ಸಂಖ್ಯೆಯನ್ನು ಇನ್ನೊಬ್ಬರು ನಂಬಬಲ್ಲರೆ? ಮೇಲ್ನೋಟಕ್ಕೆ ಇದು ಮಕ್ಕಳಾಟದ ಪ್ರಶ್ನೆಯೆಂದೇ ತೋರುತ್ತದೆ. ಆದರೆ ಇದರ ಉತ್ತರವನ್ನು ಅರಸಿ ಹೊರಟವರು ಗ್ರೀಕರ ರೇಖಾಗಣಿತವನ್ನೂ, ಬೆಳಕಿನ ವೇಗವನ್ನೂ, ಗುಪ್ತಲಿಪಿಶಾಸ್ತ್ರವನ್ನೂ ಹಾದುಹೋಗಬೇಕಾಗುತ್ತದೆ.

ಹಿಂದೆ ಬೇಸಗೆಯ ರಜೆ ಬಂತೆಂದರೆ ಅಜ್ಜಿಯ ಮನೆಯ ಜಗಲಿಯ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಅಕ್ಕತಂಗಿಯರ ಅಣ್ಣತಮ್ಮಂದಿರ ಮಕ್ಕಳೆಲ್ಲ ಸುತ್ತ ಕೂಡುತ್ತಿದ್ದರು. ಇಂದು ಆ ಮಕ್ಕಳ ಮಕ್ಕಳು ಭೂಗೋಳದ ಬೇರೆ ಬೇರೆ ಮೂಲೆಗಳಲ್ಲಿದ್ದಾರೆ. ಈ ಲೇಖಕನ ಕುಟುಂಬವೂ ಅಂತಹದೇ. ದಾವಣಗೆರೆಯ ಅಕ್ಕನ ಗಂಡುಮಕ್ಕಳಿಬ್ಬರು, ಮೈಸೂರಿನ ತಮ್ಮನ ಎಂಟು ವರ್ಷದ ಮಗ, ನ್ಯೂಜೆರ್ಸಿಯ ತಂಗಿಯ ಮಗಳು, ಜರ್ಮನಿಯಲ್ಲಿ ನೆಲೆಸಿದ ಚಿಕ್ಕಪ್ಪನ ಮಗಳ ಮಗಳು. ಹೀಗೆ ಐದು ಮಕ್ಕಳು. ಇವರಲ್ಲಿ ಕೆಲವರು ಒಬ್ಬರನ್ನೊಬ್ಬರು ಕಣ್ಣಾರೆ ಕಂಡದ್ದು ಒಂದೆರಡು ಮದುವೆಗಳಲ್ಲಿ ಮಾತ್ರ. ಇವರನ್ನು ವಾರಕ್ಕೊಮ್ಮೆ ಅಂತರ್ಜಾಲದ ಮೂಲಕ ಒಂದು ಕಥೆಯ ಸುತ್ತ ಕೂಡಿಸುವ ಪ್ರಯತ್ನದಲ್ಲಿ ಎದುರಾದ ಸಮಸ್ಯೆಗಳನ್ನೂ, ವಿಜ್ಞಾನವು ಅವಕ್ಕೆ ಒದಗಿಸಿದ ಪರಿಹಾರಗಳನ್ನೂ ಇಲ್ಲಿ ವಿವರಿಸಲಾಗಿದೆ.

ತಾಳಮದ್ದಳೆಗೆ ದಾಳ ಸೇರಿದರೆ

ಈ ಆಟವನ್ನು ಪಾತ್ರಧಾರಣೆಯ ಆಟವೆಂದು ಕರೆಯಬಹುದು. ನಮ್ಮ ಕರಾವಳಿ ಮಲೆನಾಡುಗಳ ತಾಳಮದ್ದಳೆಯನ್ನು ಕಂಡವರಿಗೆ ಇದರ ಸ್ವರೂಪವನ್ನು ತಿಳಿಸುವುದು ಸುಲಭ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನಾಗಿ, ಕರ್ಣನಾಗಿ, ಆ ಕ್ಷಣಕ್ಕೆ ಹೊಳೆದ ಮಾತುಗಳನ್ನು ಆಡುತ್ತಾರೆ. ಭಾಗವತರು ಪದ್ಯಗಳನ್ನು ಹಾಡಿ ಪ್ರಸಂಗವನ್ನು ಮುಂದಕ್ಕೆ ಒಯ್ಯುತ್ತಾರೆ. ಪಾತ್ರಧಾರಣೆಯ ಆಟದಲ್ಲಿಯೂ ಅಷ್ಟೆ. ಪ್ರತಿಯೊಬ್ಬ ಆಟಗಾರನೂ ಒಂದು ಪಾತ್ರವನ್ನು ಕಲ್ಪಿಸಿಕೊಂಡು ಅದರ ಪರವಾಗಿ ಮಾತನಾಡುತ್ತಾನೆ. ಭಾಗವತರ ಸ್ಥಾನದಲ್ಲಿ ಒಬ್ಬ ಸೂತ್ರಧಾರನಿರುತ್ತಾನೆ. ಕಾಡು, ಕೋಟೆ, ನದಿ, ರಕ್ಕಸ ಇವೆಲ್ಲವನ್ನೂ ವರ್ಣಿಸುವವನು ಅವನೇ.

ಒಂದು ಮುಖ್ಯ ಭೇದವುಂಟು. ಕರ್ಣನ ಅವಸಾನವು ತಾಳಮದ್ದಳೆಗೆ ಬಂದವರೆಲ್ಲರಿಗೂ ಮೊದಲೇ ತಿಳಿದಿರುತ್ತದೆ. ಈ ಆಟದಲ್ಲಾದರೋ ಕಥೆಯ ಕೊನೆಯು ಸೂತ್ರಧಾರನಿಗೂ ತಿಳಿಯದು. ಹುಡುಗನ ಪಾತ್ರವು ತುಂಬಿದ ಹೊಳೆಯನ್ನು ಈಜಿ ದಾಟುವುದೋ ಇಲ್ಲವೋ ಎಂಬುದನ್ನು ದಾಳವು ನಿರ್ಣಯಿಸುತ್ತದೆ.

ಈ ಆಟದ ವಂಶವೃಕ್ಷವು ಸ್ವಾರಸ್ಯಕರವಾಗಿದೆ. ೧೮೧೨ರ ಸುಮಾರಿಗೆ ಪ್ರಷ್ಯ ದೇಶದ ರೈಸ್‌ವಿಟ್ಸ್ ಎಂಬಾತನು ಯುದ್ಧವನ್ನು ಮೇಜಿನ ಮೇಲೆ ಅನುಕರಿಸುವ ಆಟವೊಂದನ್ನು ತನ್ನ ದೊರೆಗೆ ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಆತನ ಮಗನು ಅದನ್ನು ಪರಿಷ್ಕರಿಸಿ ೧೮೨೪ರಲ್ಲಿ ನಿಯಮಗಳನ್ನು ಪ್ರಕಟಿಸಿದನು. ಗುಂಡಿನ ಏಟು ತಗುಲಿತೇ ಇಲ್ಲವೇ ಎಂಬುದನ್ನು ದಾಳದಿಂದ ನಿರ್ಣಯಿಸುವುದೂ, ಎರಡು ಪಕ್ಷಗಳ ನಡುವೆ ತೀರ್ಪುಗಾರನೊಬ್ಬನನ್ನು ಕೂರಿಸುವುದೂ ಅಲ್ಲಿಯೇ ಕಾಣಿಸಿಕೊಂಡವು. ೧೯೧೩ರಲ್ಲಿ ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸನು ಆಟಿಕೆಯ ಸಿಪಾಯಿಗಳಿಂದ ಆಡುವ ಯುದ್ಧಕ್ಕೆ ನಿಯಮಪುಸ್ತಕವೊಂದನ್ನು ಬರೆದನು. ಕೊನೆಗೆ ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಸೈನ್ಯದ ಬದಲಾಗಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ವ್ಯಕ್ತಿ, ಗೆಲುವಿನ ಬದಲಾಗಿ ಮುಂದುವರಿಯುವ ಕಥೆ. ಇದೇ ಇಂದಿನ ಪಾತ್ರಧಾರಣೆಯ ಆಟಗಳ ತಳಹದಿ.

ಇಪ್ಪತ್ತು ಮುಖಗಳ ಗುಟ್ಟು

ದಾಳವೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಆರು ಮುಖಗಳ ಘನ, ಇಲ್ಲವೆ ಪಗಡೆಯ ಉದ್ದನೆಯ ದಾಳ. ಮೊಹೆಂಜೊದಾರೊ ಹರಪ್ಪಗಳ ಅವಶೇಷಗಳಲ್ಲಿಯೇ ಘನಾಕೃತಿಯ ದಾಳಗಳು ದೊರೆತಿವೆ. ಆದರೆ ಮೇಲೆ ಹೇಳಿದ ಆಟದಲ್ಲಿ ಬಹುಪಾಲು ನಿರ್ಣಯಗಳು ಇಪ್ಪತ್ತು ಮುಖಗಳ ದಾಳದಿಂದ ಆಗುತ್ತವೆ. ಇದೂ ಹೊಸದಲ್ಲ. ಗ್ರೀಕ್ ಅಕ್ಷರಗಳನ್ನು ಕೆತ್ತಿದ ಇಪ್ಪತ್ತು ಮುಖಗಳ ಪ್ರಾಚೀನ ಈಜಿಪ್ಟಿನ ದಾಳವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಹದಿನೇಳೋ ಇಪ್ಪತ್ತಮೂರೋ ಆಗದೆ ಇಪ್ಪತ್ತೇ ಏಕೆ? ಎಲ್ಲ ಮುಖಗಳೂ ಒಂದೇ ಬಗೆಯ ಸಮಭುಜಾಕೃತಿಗಳಾಗಿದ್ದು, ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ ಘನರೂಪಗಳು ಐದೇ ಐದು. ಇದರ ಕಾರಣವನ್ನು ವಿದ್ಯಾರ್ಥಿಗಳು ಸುಲಭವಾಗಿ ಊಹಿಸಿಕೊಳ್ಳಬಹುದು. ಒಂದು ಮೂಲೆಯಾಗಬೇಕಾದರೆ ಕಡಮೆಯೆಂದರೆ ಮೂರು ಮುಖಗಳು ಅಲ್ಲಿ ಕೂಡಬೇಕು. ಹಾಗೆ ಕೂಡಿದ ಕೋನಗಳ ಮೊತ್ತವು ೩೬೦ ಅಂಶಗಳಿಗಿಂತ ಕಡಮೆಯಿರಬೇಕು, ಇಲ್ಲವಾದರೆ ಅದು ಚಪ್ಪಟೆಯಾದೀತು. ಸಮಬಾಹು ತ್ರಿಕೋನದ ಕೋನ ೬೦ ಅಂಶ. ಆದ್ದರಿಂದ ಒಂದು ಮೂಲೆಯಲ್ಲಿ ಮೂರು, ನಾಲ್ಕು ಅಥವಾ ಐದು ತ್ರಿಕೋನಗಳು ಕೂಡಬಹುದು. ಚೌಕದ ಕೋನ ೯೦, ಪಂಚಭುಜದ್ದು ೧೦೮. ಇವು ಮೂರು ಮೂರಾಗಿ ಮಾತ್ರ ಕೂಡಬಲ್ಲವು. ಷಡ್ಭುಜದ ಮೂರು ಕೋನಗಳೇ ೩೬೦ ಆಗಿಬಿಡುತ್ತವೆ. ಹೀಗೆ ೪, ೮, ೨೦, ೬ ಮತ್ತು ೧೨ ಮುಖಗಳ ಐದು ರೂಪಗಳು ಮಾತ್ರ ಉಳಿಯುತ್ತವೆ. ಯೂಕ್ಲಿಡನ ಗ್ರಂಥವು ಮುಗಿಯುವುದು ಈ ತತ್ತ್ವದೊಂದಿಗೇ. ಅವುಗಳಲ್ಲಿ ಅತ್ಯಧಿಕ ಮುಖಗಳಿರುವುದು ಇಪ್ಪತ್ತರದು.

ಇಪ್ಪತ್ತರಲ್ಲಿ ಪ್ರತಿಯೊಂದು ಸಂಖ್ಯೆಯೂ ಬೀಳುವ ಸಂಭವ ನೂರಕ್ಕೆ ೫. ಮೂರು ಸಾಧಾರಣ ದಾಳಗಳನ್ನು ಒಟ್ಟಿಗೆ ಎಸೆದಾಗಲಾದರೋ ಹಾಗಲ್ಲ. ಒಟ್ಟು ೨೧೬ ಬಗೆಗಳಲ್ಲಿ ಮೊತ್ತ ೧೦ ಬರುವುದು ೨೭ ಬಗೆಗಳಲ್ಲಿ, ೯ ಬರುವುದು ೨೫ ಬಗೆಗಳಲ್ಲಿ, ೩ ಬರುವುದು ಒಂದೇ ಬಗೆಯಲ್ಲಿ. ಒಂಬತ್ತಕ್ಕೂ ಹತ್ತಕ್ಕೂ ಇರುವ ಈ ಸೂಕ್ಷ್ಮಭೇದವನ್ನು ಗೆಲಿಲಿಯೋನೇ ಲೆಕ್ಕಹಾಕಿ ವಿವರಿಸಿದ್ದನು. ಆದುದರಿಂದ ಪಾತ್ರದ ಬಲ, ಬುದ್ಧಿ ಮುಂತಾದ ಗುಣಗಳನ್ನು ಗೊತ್ತುಮಾಡುವಾಗ ಮೂರು ದಾಳಗಳನ್ನು ಬಳಸುವುದುಂಟು, ಏಕೆಂದರೆ ಲೋಕದಲ್ಲಿ ಸಾಮಾನ್ಯರು ಹೆಚ್ಚು, ಅಸಾಮಾನ್ಯರು ಕಡಮೆ. ಸಾಹಸದ ಕ್ಷಣದಲ್ಲಿ ಮಾತ್ರ ಇಪ್ಪತ್ತು ಮುಖಗಳ ದಾಳವೇ ಸರಿ; ಅಲ್ಲಿ ಏನು ಬೇಕಾದರೂ ಆಗಬಹುದು.

ಬೆಳಕಿಗೂ ಹೊತ್ತು ಬೇಕು

ಒಂದೇ ಜಗಲಿಯಲ್ಲಿ ಕುಳಿತವರಿಗಿಲ್ಲದ ಮೂರು ತೊಡಕುಗಳು ದೂರದ ಆಟಗಾರರಿಗುಂಟು. ಮೊದಲನೆಯದು ಗಡಿಯಾರ. ಬೆಂಗಳೂರಿನಲ್ಲಿ ಶನಿವಾರ ಸಂಜೆ ೭ ಗಂಟೆಯಾದಾಗ ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಬೆಳಗಿನ ೮-೩೦, ಬೇಸಗೆಯಲ್ಲಿ ೯-೩೦; ಜರ್ಮನಿಯಲ್ಲಿ ಮಧ್ಯಾಹ್ನದ ೨-೩೦ ಅಥವಾ ೩-೩೦. ನಮ್ಮ ಗಡಿಯಾರವು ವರ್ಷವಿಡೀ ಒಂದೇ ಆಗಿದ್ದರೂ ಅವರದು ವರ್ಷಕ್ಕೆ ಎರಡು ಬಾರಿ ಜರುಗುತ್ತದೆ. ಅಮೆರಿಕದಲ್ಲಿ ಜರುಗುವುದು ಮಾರ್ಚಿಯ ಎರಡನೆಯ ಭಾನುವಾರ ಹಾಗೂ ನವೆಂಬರಿನ ಮೊದಲ ಭಾನುವಾರ. ಜರ್ಮನಿಯಲ್ಲಿ ಮಾರ್ಚಿ ಮತ್ತು ಅಕ್ಟೋಬರುಗಳ ಕೊನೆಯ ಭಾನುವಾರ. ಈ ನಡುವಣ ವಾರಗಳಲ್ಲಿ ಮೂರು ದೇಶಗಳ ಅಂತರಗಳೂ ಏರುಪೇರಾಗುತ್ತವೆ. ಆಟದ ವೇಳೆಯನ್ನು ಯಾವುದಾದರೊಂದು ಊರಿನ ಗಡಿಯಾರಕ್ಕೆ ಕಟ್ಟಿ, ಉಳಿದವರು ಅದನ್ನು ಅನುಸರಿಸುವುದೇ ಕ್ಷೇಮ.

ಎರಡನೆಯದು ಬೆಳಕಿನ ವೇಗ. ನಮ್ಮ ಮಾತು ಸಮುದ್ರದಡಿಯ ಗಾಜಿನ ಎಳೆಗಳಲ್ಲಿ ಬೆಳಕಿನ ಮಿಡಿತವಾಗಿ ಹರಿಯುತ್ತದೆ. ಶೂನ್ಯದಲ್ಲಿ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರು ಸಾಗುವ ಬೆಳಕು ಗಾಜಿನಲ್ಲಿ ಸುಮಾರು ೨ ಲಕ್ಷ ಕಿಲೋಮೀಟರು ಮಾತ್ರ ಸಾಗಬಲ್ಲುದು. ಬೆಂಗಳೂರಿನಿಂದ ನ್ಯೂಜೆರ್ಸಿಗೆ ನೇರವಾಗಿ ಅಳೆದರೂ ೧೩,೦೦೦ ಕಿಲೋಮೀಟರಿಗೆ ಕಡಮೆಯಿಲ್ಲ. ಹೋಗಲು ೬೫ ಮಿಲಿಸೆಕೆಂಡು, ಬರಲು ೬೫, ಒಟ್ಟು ೧೩೦. ತಂತಿಯ ಬಳಸುದಾರಿಯನ್ನೂ ಯಂತ್ರಗಳ ವಿಳಂಬವನ್ನೂ ಸೇರಿಸಿದರೆ ಇದು ಇನ್ನೂ ಬೆಳೆಯುತ್ತದೆ. ಇಷ್ಟು ಅಲ್ಪಕಾಲದಿಂದ ಏನು ಬಾಧಕ ಎಂದು ವಾಚಕರು ಕೇಳಬಹುದು. ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು ೨೦೦೯ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದರ ಪ್ರಕಾರ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಆರಂಭವಾಗುವ ನಡುವಣ ಅಂತರವು ಸರಾಸರಿಯಲ್ಲಿ ಸುಮಾರು ೨೦೦ ಮಿಲಿಸೆಕೆಂಡು ಮಾತ್ರ. ತಂತಿಯ ವಿಳಂಬವು ಇದಕ್ಕೆ ಸರಿಸಮನಾದಾಗ 'ಇವರು ಸುಮ್ಮನಾದರು' ಎಂದು ಇಬ್ಬರೂ ಏಕಕಾಲದಲ್ಲಿ ಭಾವಿಸಿ ಒಟ್ಟಿಗೆ ಮಾತಿಗೆ ತೊಡಗುತ್ತಾರೆ, ಒಟ್ಟಿಗೆ ನಿಲ್ಲಿಸುತ್ತಾರೆ.

ಮೂರನೆಯದು ಕಿವಿಯದು. ಹತ್ತು ಜನ ಮಾತನಾಡುವ ಮನೆಯಲ್ಲಿಯೂ ನಮಗೆ ಬೇಕಾದ ಒಂದೇ ದನಿಯನ್ನು ಆಯ್ದು ಆಲಿಸಬಲ್ಲ ಶಕ್ತಿ ನಮಗಿದೆ. ಇದನ್ನು ಕಾಲಿನ್ ಚೆರಿ ಎಂಬ ವಿಜ್ಞಾನಿಯು ೧೯೫೩ರಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಿದನು. ದನಿಯು ಯಾವ ದಿಕ್ಕಿನಿಂದ ಬಂತೆಂಬ ಸುಳಿವು ಈ ಆಯ್ಕೆಗೆ ಬಹಳ ನೆರವಾಗುತ್ತದೆ. ಸಾಮಾನ್ಯವಾದ ದೂರಕರೆಯಲ್ಲಿ ಎಲ್ಲರ ದನಿಯೂ ಒಂದೇ ಪೆಟ್ಟಿಗೆಯಿಂದ ಹೊರಬರುವುದರಿಂದ ಆ ಸುಳಿವು ಅಳಿದುಹೋಗುತ್ತದೆ. ಆದ್ದರಿಂದ ನಾಲ್ಕೈದು ಮಕ್ಕಳಿಗಿಂತ ಹೆಚ್ಚಿನವರನ್ನು ಕೂಡಿಸಲಾಗದು. ಸೂತ್ರಧಾರನು 'ಯಾರು ಏನು ಮಾಡುತ್ತೀರಿ?' ಎಂದು ಕೇಳದೆ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಬೇಕು. ಹೀಗೆ ಕೇಳತೊಡಗಿದ ಮೇಲೆ, ಅಣ್ಣಂದಿರ ಗದ್ದಲದಲ್ಲಿ ಬಾಯೇ ಬಿಡದಿದ್ದ ಎಂಟು ವರ್ಷದವನಿಗೂ ಸರದಿ ದೊರೆಯಿತು.

ಬೆನ್ನುಬೆನ್ನಿಗೆ ಇಪ್ಪತ್ತು

ಆಟವು ಎರಡು ತಿಂಗಳು ಸುಗಮವಾಗಿ ನಡೆಯಿತು. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ದಾಳವನ್ನು ಉರುಳಿಸಿ ಬಿದ್ದುದನ್ನು ಹೇಳುವುದು ರೂಢಿಯಾಗಿತ್ತು. ಎಂಟನೆಯ ಶನಿವಾರ ನ್ಯೂಜೆರ್ಸಿಯ ಹುಡುಗಿಯು ಬೆನ್ನುಬೆನ್ನಿಗೆ ಎರಡು ಬಾರಿ "ಇಪ್ಪತ್ತು!" ಎಂದಳು. ಕೋಟೆಯ ಬಾಗಿಲು ಮುರಿಯಿತು, ಕಾವಲುಗಾರ ಉರುಳಿದ. ದಾವಣಗೆರೆಯ ಹಿರಿಯ ಹುಡುಗ ಮಾತ್ರ ನಗಲಿಲ್ಲ. "ಮಾಮ, ಅವಳ ದಾಳ ನಮಗೆ ಕಾಣಿಸಲೇ ಇಲ್ಲವಲ್ಲ" ಎಂದ. ಹುಡುಗಿಯ ಮುಖ ಕೆಂಪಾಯಿತು. "ನಾನು ಸುಳ್ಳು ಹೇಳುತ್ತೇನೆಯೆ?" ಎಂದವಳು ಕರೆಯನ್ನೇ ಕಡಿದುಬಿಟ್ಟಳು. ಮುಂದಿನ ಶನಿವಾರ ಅವಳು ಬರಲಿಲ್ಲ.

ಹುಡುಗನ ಸಂಶಯಕ್ಕೆ ಆಧಾರವಿತ್ತೆ? ಎರಡು ಬಾರಿ ಸತತವಾಗಿ ೨೦ ಬೀಳುವ ಸಂಭವವು ೨೦ × ೨೦, ಅಂದರೆ ೪೦೦ರಲ್ಲಿ ಒಂದು. ಅವನು ಲೆಕ್ಕಹಾಕಿದ್ದು ಇಷ್ಟನ್ನೇ. ಆದರೆ ಪ್ರಶ್ನೆಯನ್ನು ಕೇಳಬೇಕಾದ ರೀತಿ ಇದಲ್ಲ. ಒಂದು ಸಂಜೆ ಐವರು ಮಕ್ಕಳು ತಲಾ ಹನ್ನೆರಡು ಬಾರಿ ದಾಳ ಹಾಕಿದರೆ, ಒಬ್ಬೊಬ್ಬರಲ್ಲಿ ಹನ್ನೊಂದು ಸತತ ಜೋಡಿಗಳು, ಒಟ್ಟು ೫೫ ಜೋಡಿಗಳಾಗುತ್ತವೆ. ೫೫ನ್ನು ೪೦೦ರಿಂದ ಭಾಗಿಸಿದರೆ ಸುಮಾರು ಏಳರಲ್ಲಿ ಒಂದು ಪಾಲು. ಎಂದರೆ, ಯಾರೊಬ್ಬರೂ ಮೋಸ ಮಾಡದಿದ್ದರೂ ಏಳೆಂಟು ಸಂಜೆಗಳಿಗೊಮ್ಮೆ ಇಂತಹ ಜೋಡಿಯೊಂದನ್ನು ನಿರೀಕ್ಷಿಸಬೇಕು! ಅದು ಎಂಟನೆಯ ಸಂಜೆ ಬಂದುದರಲ್ಲಿ ಅಚ್ಚರಿಯೇನು?

ಇನ್ನೂ ಒಂದು ಸೂಕ್ಷ್ಮವುಂಟು. 'ಪ್ರಾಮಾಣಿಕರಿಗೆ ಇಂತಹ ಫಲ ಬರುವುದು ೪೦೦ರಲ್ಲಿ ಒಂದು ಬಾರಿ' ಎಂಬುದಕ್ಕೂ, 'ಇಂತಹ ಫಲ ಬಂದವರು ಪ್ರಾಮಾಣಿಕರಾಗಿರುವ ಸಂಭವ ೪೦೦ರಲ್ಲಿ ಒಂದು' ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದು ದಾಳದ ಗುಣ. ಎರಡನೆಯದನ್ನು ಹೇಳಬೇಕಾದರೆ ಆ ವ್ಯಕ್ತಿಯ ನಡತೆಯೂ ನಮಗೆ ತಿಳಿದಿರಬೇಕು. ನ್ಯಾಯಾಲಯಗಳಲ್ಲಿ ಕೂಡ ಈ ಎರಡನ್ನು ಬೆರೆಸಿ ತೀರ್ಮಾನಕ್ಕೆ ಬಂದವರುಂಟು.

ದಾಳಗಳ ವಿಷಯದಲ್ಲಿ ನಮ್ಮ ಅಂತರಂಗದ ಊಹೆಯು ಸಾಮಾನ್ಯವಾಗಿ ತಪ್ಪುವುದೇ ಹೆಚ್ಚು. ಇಪ್ಪತ್ತು ಮುಖಗಳ ದಾಳವನ್ನು ಇಪ್ಪತ್ತು ಬಾರಿ ಉರುಳಿಸಿದರೆ ೨೦ ಒಮ್ಮೆಯಾದರೂ ಬೀಳಲೇಬೇಕೆಂದು ಮಕ್ಕಳು ನಂಬುತ್ತಾರೆ. ಒಮ್ಮೆಯೂ ಬೀಳದಿರುವ ಸಂಭವವು ನೂರಕ್ಕೆ ೩೬ ಇದೆ. ಎಲ್ಲ ಮುಖಗಳನ್ನೂ ಕಾಣಬೇಕಾದರೆ ಸರಾಸರಿಯಲ್ಲಿ ೭೨ ಬಾರಿ ಉರುಳಿಸಬೇಕು. ಈ ಲೆಕ್ಕಗಳನ್ನು ಬರೆದು ಎಲ್ಲರಿಗೂ ಕಳುಹಿಸಿದ್ದಾಯಿತು. ಹಿರಿಯ ಹುಡುಗ ಅವನ್ನು ತಾನೇ ಮತ್ತೊಮ್ಮೆ ಲೆಕ್ಕಹಾಕಿ, ತಂಗಿಗೆ ಪತ್ರ ಬರೆದ. ಆದರೂ ಆ ಸಂಜೆ ದಾಳದ ಮೇಲೆ ಬಿದ್ದದ್ದು ಏನೆಂಬುದು ಅವಳೊಬ್ಬಳಿಗೇ ಗೊತ್ತು. ಅದನ್ನು ಸಾಬೀತುಪಡಿಸುವ ಭಾರವನ್ನು ಹನ್ನೊಂದು ವರ್ಷದ ಮಗುವಿನ ಮೇಲೆ ಹೊರಿಸುವ ನಿಯಮವೇ ಸರಿಯಾದುದಲ್ಲ. ಸಂಶಯಕ್ಕೆ ಎಡೆಯೇ ಇಲ್ಲದ ಉಪಾಯವೊಂದು ಬೇಕಾಗಿತ್ತು.

ಯಂತ್ರದ ದಾಳ

ಗಣಕಯಂತ್ರವೇ ದಾಳ ಹಾಕಲಿ ಎಂಬುದು ಮೊದಲು ಹೊಳೆಯುವ ಉಪಾಯ. ಆದರೆ ಗಣಕವು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಯಂತ್ರ. ಯದೃಚ್ಛೆಯಿಂದ ಏನನ್ನಾದರೂ ಹೇಳೆಂದರೆ ಅದು ಹೇಗೆ ಹೇಳೀತು? ೧೯೪೦ರ ದಶಕದಲ್ಲಿ ಜಾನ್ ಫಾನ್ ನಾಯ್‌ಮನ್ ಎಂಬ ಗಣಿತಜ್ಞನು ಸೂಚಿಸಿದ ವಿಧಾನವೊಂದನ್ನು ನೋಡಿ. ನಾಲ್ಕಂಕಿಯ ಸಂಖ್ಯೆಯೊಂದನ್ನು ವರ್ಗಮಾಡಿ, ಬಂದ ಎಂಟು ಅಂಕಿಗಳಲ್ಲಿ ನಡುವಣ ನಾಲ್ಕನ್ನು ತೆಗೆದುಕೊಳ್ಳುವುದು. ಅದನ್ನು ಮತ್ತೆ ವರ್ಗಮಾಡುವುದು. ೧೨೩೪ರ ವರ್ಗ ೦೧೫೨೨೭೫೬, ನಡುವಣದು ೫೨೨೭. ಅದರ ವರ್ಗ ೨೭೩೨೧೫೨೯, ನಡುವಣದು ೩೨೧೫. ಅದರಿಂದ ೩೩೬೨. ನೋಡುವವರಿಗೆ ಇದು ಗೊತ್ತುಗುರಿಯಿಲ್ಲದ ಸಾಲೆಂದೇ ತೋರುತ್ತದೆ. ಮೊದಲ ಸಂಖ್ಯೆಯನ್ನು ಬಲ್ಲವನಿಗೆ ಮಾತ್ರ ಎಲ್ಲವೂ ಮೊದಲೇ ತಿಳಿದಿದೆ. ದುರದೃಷ್ಟವಶಾತ್ ೨೫೦೦ ಬಂದರಂತೂ ಕಥೆಯೇ ಮುಗಿಯಿತು: ಅದರ ವರ್ಗ ೦೬೨೫೦೦೦೦, ನಡುವಣದು ಮತ್ತೆ ೨೫೦೦!

ಇಂದಿನ ವಿಧಾನಗಳು ಇದಕ್ಕಿಂತ ಎಷ್ಟೋ ಮೇಲು. ಯಂತ್ರದೊಳಗಿನ ಸೂಕ್ಷ್ಮವಾದ ಭೌತಿಕ ಏರಿಳಿತಗಳಿಂದ ಬೀಜಸಂಖ್ಯೆಯನ್ನು ಆರಿಸಿಕೊಳ್ಳುವುದರಿಂದ ಅವುಗಳ ಫಲವನ್ನು ಊಹಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೂ ನಮ್ಮ ಸಮಸ್ಯೆ ಉಳಿದೇ ಉಳಿಯುತ್ತದೆ. ಯಂತ್ರ ಯಾರ ಮನೆಯಲ್ಲಿದೆಯೋ, ಅದನ್ನು ನಡೆಸುವವರು ಯಾರೋ, ಅವರನ್ನು ನಂಬಬೇಕಷ್ಟೆ. ತಂಗಿಯ ಮೇಲಿದ್ದ ಸಂಶಯವು ಮಾಮನ ಮೇಲೆ ತಿರುಗಿತೇ ಹೊರತು ತೀರಲಿಲ್ಲ.

ಬೀಗದೊಳಗಿನ ಸಂಖ್ಯೆ

೧೯೮೧ರಲ್ಲಿ ಮ್ಯಾನ್ಯುಯೆಲ್ ಬ್ಲಮ್ ಎಂಬ ಗಣಕವಿಜ್ಞಾನಿಯು ವಿಚಿತ್ರವಾದ ಪ್ರಶ್ನೆಯೊಂದನ್ನು ಎತ್ತಿದನು. ವಿಚ್ಛೇದನ ಪಡೆದು ಬೇರೆ ಬೇರೆ ಊರುಗಳಲ್ಲಿರುವ ಗಂಡಹೆಂಡಿರು, ಕಾರು ಯಾರಿಗೆ ಸೇರಬೇಕೆಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಬೇಕಾಗಿದೆ, ಅದೂ ದೂರವಾಣಿಯಲ್ಲಿ. ಒಬ್ಬರಿಗೊಬ್ಬರಲ್ಲಿ ಎಳ್ಳಷ್ಟೂ ವಿಶ್ವಾಸವಿಲ್ಲ. ಮಧ್ಯಸ್ಥರೂ ಇಲ್ಲ. ಹೇಗೆ? ಬ್ಲಮ್ ಇದು ಸಾಧ್ಯವೆಂದು ತೋರಿಸಿಕೊಟ್ಟನು. ೧೯೯೫ರ ಟ್ಯೂರಿಂಗ್ ಪ್ರಶಸ್ತಿಯು ದೊರೆತದ್ದು ಆತನಿಗೇ.

ಉಪಾಯದ ತಿರುಳು ಹೀಗಿದೆ. ಹುಡುಗನೂ ಹುಡುಗಿಯೂ ೧ರಿಂದ ೨೦ರೊಳಗೆ ಒಂದೊಂದು ಸಂಖ್ಯೆಯನ್ನು ಆರಿಸಿಕೊಳ್ಳಲಿ. ಎರಡನ್ನೂ ಕೂಡಿಸಿ, ಮೊತ್ತವು ೨೦ನ್ನು ಮೀರಿದರೆ ೨೦ನ್ನು ಕಳೆಯಲಿ. ಹುಡುಗಿಯದು ೧೩, ಹುಡುಗನದು ೧೫ ಆದರೆ ಮೊತ್ತ ೨೮. ದಾಳದ ಫಲ ೮. ಹುಡುಗನ ಸಂಖ್ಯೆ ಯಾವುದೇ ಇರಲಿ, ಹುಡುಗಿಯ ಇಪ್ಪತ್ತು ಆಯ್ಕೆಗಳಿಂದ ಇಪ್ಪತ್ತು ಬೇರೆ ಬೇರೆ ಫಲಗಳು ಬರುತ್ತವೆ. ಆದುದರಿಂದ ಇಬ್ಬರಲ್ಲಿ ಒಬ್ಬರಾದರೂ ತಮ್ಮ ಮನೆಯ ದಾಳವನ್ನು ಪ್ರಾಮಾಣಿಕವಾಗಿ ಉರುಳಿಸಿ ಸಂಖ್ಯೆಯನ್ನು ಆರಿಸಿಕೊಂಡಿದ್ದರೆ ಸಾಕು, ಫಲವು ಪೂರ್ಣ ನಿಷ್ಪಕ್ಷಪಾತವಾಗಿರುತ್ತದೆ.

ಒಂದೇ ತೊಡಕು: ಇಬ್ಬರೂ ಏಕಕಾಲದಲ್ಲಿ ಹೇಳಬೇಕು. ಮೊದಲು ಕೇಳಿಸಿಕೊಂಡವರು ತಮ್ಮ ಸಂಖ್ಯೆಯನ್ನು ಬದಲಿಸಿಬಿಡಬಹುದು. ೬೫ ಮಿಲಿಸೆಕೆಂಡಿಗಿಂತ ಬೇಗ ಸುದ್ದಿ ಸಾಗದ ತಂತಿಯ ಮೇಲೆ 'ಏಕಕಾಲ'ವೆಂಬುದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಹುಡುಗಿಯು ತನ್ನ ಸಂಖ್ಯೆಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮೊದಲೇ ಕಳುಹಿಸಬೇಕು. ಹುಡುಗನು ತನ್ನದನ್ನು ಬಹಿರಂಗವಾಗಿ ಹೇಳಬೇಕು. ಆಮೇಲೆ ಹುಡುಗಿಯು ಬೀಗದ ಕೈ ಕೊಡಬೇಕು. ಪೆಟ್ಟಿಗೆಯು ಹುಡುಗನ ಕೈಯಲ್ಲಿರುವುದರಿಂದ ಅವಳು ಬದಲಿಸಲಾರಳು. ಬೀಗವಿರುವುದರಿಂದ ಅವನು ನೋಡಲಾರನು.

ತಂತಿಯ ಮೇಲೆ ಬೀಗವೆಲ್ಲಿ ಬಂತು? ಒಂದು ದಿಕ್ಕಿಗೆ ಸುಲಭ, ಹಿಂದಕ್ಕೆ ಕಠಿಣವಾದ ಲೆಕ್ಕಗಳೇ ಬೀಗಗಳು. ೮೯ ಮತ್ತು ೯೭ನ್ನು ಗುಣಿಸಿರಿ. ಒಂದು ನಿಮಿಷದಲ್ಲಿ ೮೬೩೩ ಎಂದು ಹೇಳುವಿರಿ. ೮೬೩೩ನ್ನು ಮಾತ್ರ ಕೊಟ್ಟು ಅಪವರ್ತನಗಳನ್ನು ಕಂಡುಹಿಡಿಯಿರೆಂದರೆ ಎಷ್ಟು ಹೊತ್ತು ಬೇಕಾದೀತು? ನೂರಾರು ಅಂಕಿಗಳ ಸಂಖ್ಯೆಗಳಾದರೆ ಗಣಕಗಳೂ ಸೋಲುತ್ತವೆ. ಬ್ಲಮ್‌ನ ಬೀಗವು ಈ ತತ್ತ್ವದ್ದೇ. ನಾವು ಬಳಸಿದ್ದು ೨೦೦೨ರಲ್ಲಿ ಅಮೆರಿಕದ ಸರ್ಕಾರಿ ಪ್ರಮಾಣವಾಗಿ ಅಂಗೀಕೃತವಾದ 'ಶಾ-೨೫೬' ಎಂಬ ಇನ್ನೊಂದು ಬಗೆಯ ಬೀಗ. ಯಾವುದೇ ವಾಕ್ಯವನ್ನು ಕೊಟ್ಟರೂ ಅದು ೬೪ ಚಿಹ್ನೆಗಳ ಮುದ್ರೆಯೊಂದನ್ನು ಒತ್ತಿಕೊಡುತ್ತದೆ. ವಾಕ್ಯದಲ್ಲಿ ಒಂದಕ್ಷರ ಬದಲಾದರೆ ಮುದ್ರೆಯೆಲ್ಲ ಬದಲಾಗುತ್ತದೆ. ಮುದ್ರೆಯಿಂದ ವಾಕ್ಯವನ್ನು ಹಿಂದಕ್ಕೆ ಪಡೆಯಲಾಗದು.

ಆದರೆ ಎಚ್ಚರ! ಬರಿಯ '೧೩' ಎಂಬುದಕ್ಕೆ ಮುದ್ರೆಯೊತ್ತಿ ಕಳುಹಿಸಿದರೆ, ಜಾಣನಾದ ಹುಡುಗನು ಇಪ್ಪತ್ತೂ ಸಂಖ್ಯೆಗಳಿಗೆ ಮುದ್ರೆಯೊತ್ತಿ ಹೋಲಿಸಿ ನೋಡಿಬಿಟ್ಟಾನು. ಆದುದರಿಂದ ಸಂಖ್ಯೆಯ ಜೊತೆಗೆ ಯಾರೂ ಊಹಿಸಲಾರದ ಮಾತೊಂದನ್ನು ಸೇರಿಸಬೇಕು. ಪ್ರತಿ ಬಾರಿಯೂ ಹೊಸತನ್ನು. '೧೩, ಅಜ್ಜಿಯ ಹುಣಸೆಮರದ ಗೂಬೆಗೆ ಇಂದು ನೆಗಡಿ' ಎಂಬಂತೆ. ಮಕ್ಕಳಿಗೆ ಆಟಕ್ಕಿಂತ ಈ ವಾಕ್ಯಗಳೇ ರುಚಿಸಿದವು. ನ್ಯೂಜೆರ್ಸಿಯ ಹುಡುಗಿ ಮೂರನೆಯ ವಾರ ಮರಳಿ ಬಂದಳು. ತನ್ನ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಅಣ್ಣಂದಿರು ಊಹಿಸಿಯಾರೆಂದು, ತಾಯಿಯನ್ನು ಕೇಳಿ ಕೇಳಿ ಕನ್ನಡದಲ್ಲಿ ಬರೆಯತೊಡಗಿದಳು. ಅವಳ ಕಾಗುಣಿತದ ತಪ್ಪುಗಳು ಬೀಗವನ್ನು ಇನ್ನಷ್ಟು ಭದ್ರಪಡಿಸಿದವೆನ್ನಬೇಕು!

ಫಲವು ತನಗೆ ಪ್ರತಿಕೂಲವೆಂದು ತಿಳಿದ ಮೇಲೆ 'ವಿದ್ಯುತ್ತು ಹೋಯಿತು' ಎಂದು ಹೇಳಿ ಬೀಗವನ್ನೇ ತೆರೆಯದಿದ್ದರೆ? ದಾವಣಗೆರೆಯಲ್ಲಿ ವಿದ್ಯುತ್ತು ನಿಜವಾಗಿಯೇ ಹೋಗುವುದೂ ಉಂಟಷ್ಟೆ. ಇದಕ್ಕೆ ಹೆದರಬೇಕಾಗಿಲ್ಲ. ಮುದ್ರೆಯು ಹಳಸುವ ವಸ್ತುವಲ್ಲ; ಮರುದಿನ ತೆರೆದರೂ ಒಳಗಿರುವುದು ಅದೇ ಸಂಖ್ಯೆ. ತೆರೆಯುವ ತನಕ ಕಥೆಯು ಕಾಯುತ್ತದೆ ಎಂಬ ನಿಯಮ ಸಾಕು.

ದಯೆ ಎಲ್ಲಿರಬೇಕು?

ಸೂತ್ರಧಾರರಲ್ಲಿ ಹಲವರು ತಮ್ಮ ದಾಳವನ್ನು ಮರೆಯಲ್ಲಿ ಹಾಕುತ್ತಾರೆ. ಚಿಕ್ಕ ಮಕ್ಕಳ ಪಾತ್ರವು ಸಾಯುವಂತಾದಾಗ ಬಿದ್ದ ಸಂಖ್ಯೆಯನ್ನು ಮರೆಮಾಚಿ ಉಳಿಸಿಬಿಡುವುದು ಅವರ ಉದ್ದೇಶ. ಇದು ಕರುಣೆಯಿಂದ ಹುಟ್ಟಿದ ಸುಳ್ಳು. ಆದರೆ ಮಗುವು ಇದನ್ನು ಒಮ್ಮೆ ಅರಿತರೆ ಹಿಂದೆ ಗೆದ್ದ ಗೆಲುವುಗಳೂ ಅದಕ್ಕೆ ಪೊಳ್ಳೆನಿಸುತ್ತವೆ. ದಯೆಯನ್ನು ತೋರಬೇಕಾದ ಸ್ಥಾನವು ದಾಳ ಬೀಳುವ ಮೊದಲಿನ ನಿಯಮ. ಬಿದ್ದ ಮೇಲಿನ ಸಂಖ್ಯೆಯಲ್ಲ.

ನಮ್ಮ ಆಟದ ನಿಯಮವೊಂದು ಇಂತಿತ್ತು: ಎಲ್ಲರಿಗಿಂತ ಕಿರಿಯವನಿಗೆ ಪ್ರಾಣಾಪಾಯದಲ್ಲಿ ಎರಡು ದಾಳಗಳು, ಹೆಚ್ಚಿನದನ್ನು ಎಣಿಸತಕ್ಕದ್ದು. ೧೧ ಅಥವಾ ಮೇಲೆ ಬೀಳಬೇಕಾದಾಗ ಒಂದು ದಾಳದಲ್ಲಿ ಉಳಿಯುವ ಸಂಭವ ನೂರಕ್ಕೆ ೫೦, ಎರಡರಲ್ಲಿ ೭೫. ಸರಾಸರಿ ಫಲವೂ ೧೦.೫ರಿಂದ ೧೩.೮ಕ್ಕೆ ಏರುತ್ತದೆ. ಇಷ್ಟು ದಯೆಯನ್ನು ಎಲ್ಲರೂ ಮೊದಲೇ ಒಪ್ಪಿದ್ದರು.

ಒಂದು ಶನಿವಾರ ಆ ಎಂಟು ವರ್ಷದವನ ಪಾತ್ರವು ಮೊಸಳೆಯ ಬಾಯಿಗೆ ಸಿಕ್ಕಿತು. ಅವನೂ ನಾನೂ ಸೇರಿ ಎರಡು ಬಾರಿ ಬೀಗದ ದಾಳವನ್ನು ಹಾಕಿದೆವು. ೬ ಬಂತು; ಆಮೇಲೆ ೯. ನಾಲ್ಕರಲ್ಲಿ ಒಂದು ಪಾಲಿನ ಸಂಭವವೇ ಸಂಭವಿಸಿತ್ತು. ಹುಡುಗನ ಕಣ್ಣು ತುಂಬಿತು. ಯಾರೂ ಮಾತನಾಡಲಿಲ್ಲ. ಅವನು ನನ್ನ ವಾಕ್ಯಗಳೆರಡನ್ನೂ ತೆಗೆದುಕೊಂಡು, ಅಣ್ಣನ ನೆರವಿನಿಂದ ಮುದ್ರೆಗಳನ್ನು ತಾನೇ ಒತ್ತಿ, ಮೊದಲು ಕಳುಹಿಸಿದ್ದವುಗಳೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದ. ಎರಡೂ ಸರಿಹೊಂದಿದವು. "ಸರಿ ದೊಡ್ಡಪ್ಪ. ಸತ್ತವನಿಗೆ ಒಬ್ಬ ತಮ್ಮನಿದ್ದಾನೆ. ಅವನು ಮುಂದಿನ ವಾರ ಬರುತ್ತಾನೆ" ಎಂದ.

ವಾಚಕರಿಗೊಂದು ಪ್ರಯೋಗ

ನಿಮ್ಮಲ್ಲಿ ಯಾರಾದರೂ ಮನೆಯ ಕಿರಿಯರಿಗಾಗಿ ಇಂತಹ ಆಟವನ್ನು ಏರ್ಪಡಿಸುವುದಾದರೆ ಬೆಲೆಬಾಳುವ ಸಾಮಗ್ರಿಯೇನೂ ಬೇಕಿಲ್ಲ. ನಾಲ್ಕೈದು ಮಕ್ಕಳು, ಒಂದೂವರೆ ಗಂಟೆಯ ಕಾಲ, ಒಂದು ಪುಟಕ್ಕೆ ಮೀರದ ನಿಯಮಗಳು, ಅಷ್ಟೆ. ಸಾಧಾರಣ ನಿರ್ಣಯಗಳಿಗೆ ಕ್ಯಾಮರಾದ ಎದುರಿಗೆ ಉರುಳಿಸಿದ ದಾಳವೇ ಸಾಕು. ಪ್ರಾಣದ ಪ್ರಶ್ನೆ ಬಂದಾಗ ಮಾತ್ರ ಬೀಗವಿರಲಿ.

ಇಪ್ಪತ್ತು ಮುಖಗಳ ದಾಳವು ದೊರೆಯದಿದ್ದರೆ ಚೌಕಾಬಾರದ ನಾಲ್ಕು ಕವಡೆಗಳನ್ನು ಬಳಸಬಹುದು. ಆದರೆ ಮೊದಲು ಅವುಗಳನ್ನು ಪರೀಕ್ಷಿಸಿರಿ. ಕವಡೆಯು ಬಾಯಿ ಮೇಲಾಗಿ ಬೀಳುವುದೂ ಕೆಳಗಾಗಿ ಬೀಳುವುದೂ ಸಮಸಂಭವವಾಗಿದ್ದರೆ, ೧೬೦ ಬಾರಿ ಎಸೆದಾಗ ಒಂದು ಸುಮಾರು ೪೦ ಬಾರಿ, ಎರಡು ೬೦ ಬಾರಿ, ಮೂರು ೪೦ ಬಾರಿ, ಚೌಕ ೧೦ ಬಾರಿ, ಎಲ್ಲವೂ ಬೋರಲಾಗಿ ಬೀಳುವ ಎಂಟು ೧೦ ಬಾರಿ ಬರಬೇಕು. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಆದ್ದರಿಂದ ಅವೆರಡೂ ಸಮವಾಗಿರಬೇಕೆಂಬ ನಿಯಮವೇನೂ ಇಲ್ಲ. ನೂರ ಅರವತ್ತು ಎಸೆತಗಳಿಗೆ ಅರ್ಧ ಗಂಟೆ ಸಾಕು. ಫಲಗಳನ್ನು ಸಾಲಾಗಿ ಬರೆದು ಮೇಲಿನ ಸಂಖ್ಯೆಗಳೊಂದಿಗೆ ಹೋಲಿಸಿರಿ. ನಿಮ್ಮ ಮನೆಯ ಕವಡೆಗಳ ಸ್ವಭಾವವು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಎಸೆದು ಎಣಿಸಿದವರಿಗೆ ಮಾತ್ರ ಅದು ತಿಳಿಯುತ್ತದೆ.